ಅರವತ್ತಾರು ಮೆಟ್ಟಿಲು

ಬಸ್ಸಿನ ಕಿಟಕಿಗೆ ಯಾರದೋ ಎಣ್ಣೆತಲೆ ಒತ್ತಿದ ಗುರುತು, ಅದರಾಚೆ ಮಸುಕು ಮಸುಕಾಗಿ ಓಡುವ ಅಂಗಡಿಗಳು, ಇನ್ನು ನಾಲ್ಕೇ ಸ್ಟಾಪು, ಮನೆಗೆ ಹೋಗಿ ಅಕ್ಕನಿಗೆ ಏನೆಂದು ಹೇಳುವುದು, ತಲೆನೋವಿತ್ತು ಎನ್ನಲೇ, ಗಾಬರಿಯಾಯಿತು ಎನ್ನಲೇ, ಅಕ್ಕ ಏನೂ ಕೇಳುವವಳಲ್ಲ, ಕೇಳಿದರೇ ವಾಸಿ — ಹೋದ ವಾರ ಪೇಪರು ಹಿಡಿದುಕೊಂಡು ಕೇಳಿದ್ದಳಲ್ಲ, ಬಿಲ್ಲಿಂಗ್ ಕೆಲಸಕ್ಕೆ ಜನ ಬೇಕಂತೆ ಕಣೇ, ಇದು ನಿಮ್ಮ ಪಾರ್ಸಲ್ ಕಂಪನೀನೇ ಅಲ್ವಾ, ಅಯ್ಯೋ ಅದಕ್ಕೆ ಆಗಲೇ ಯಾರನ್ನೋ ತಗೊಂಡಾಯ್ತಕ್ಕ, ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ ಇವಳಿಗೆ. ಅಕ್ಕ ಹೂಂ ಎಂದು ಹೊಲಿಗೆ ಯಂತ್ರದ ಕಡೆ ತಿರುಗಿದಳು, ಚಿಕ್ಕಂದಿನ ಜ್ವರದಲ್ಲಿ ಎಡಗಾಲು ಸೋತು, ಬಲಗಾಲೊಂದರಲ್ಲೇ ಪೆಡಲು ತುಳಿದು ತಂಗಿಯ ಕಾಲೇಜು ಮುಗಿಸಿದವಳು, ಮನೇಲಿ ಕೂತು ಮಾಡೋದು ತಾನೇ ಎಂದು ಅಂಗಡಿಯವನು ಅರ್ಧ ಕೂಲಿ ಕೊಟ್ಟರೂ ಪಿಟ್ಟೆನ್ನದವಳು, ರಾತ್ರಿ ಕೂತು ಬಿಲ್ಲು, ಲೆಕ್ಕ, ಕಂಪ್ಯೂಟರು ಕಲಿತವಳು, ಊರುಗೋಲು ಕಂಡ ಬಸ್ಸಿನವನು ನಿಲ್ಲಿಸದೇ ಹೋದರೆ ನಕ್ಕುಬಿಡುವವಳು, ನನ್ನ ನೋಡಿದ್ರೆ ಆ ಗಾಡಿಗೆ ಬ್ರೇಕೇ ಹಿಡಿಯಲ್ಲ ಕಣೇ.

ಸುಳ್ಳು ಶುರುವಾದದ್ದು ಎರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ, ಊಟದ ಡಬ್ಬಿ ಬಿಚ್ಚುವಾಗ, ಒಡಹುಟ್ಟಿದವರು ಎಷ್ಟು ಜನರೀ ಎಂದು ಲೆಕ್ಕ ವಿಭಾಗದಾಕೆ ಕೇಳಿದಳು, ನಾನೊಬ್ಬಳೇ ಎಂದುಬಿಟ್ಟಳು ಇವಳು, ಹಿಂದಿನ ವಾರವಷ್ಟೇ ಇವಳನ್ನು ನೋಡಲು ಬಂದ ಗಂಡಿನ ಕಡೆಯವರು ಅಕ್ಕನ ಕಾಲು ನೋಡಿ, ವಂಶದಲ್ಲೇ ಇದೆಯೇನೋ ಎಂದು ಎದ್ದುಹೋಗಿದ್ದರು, ಆ ಉರಿ ಆರಿರಲಿಲ್ಲ, ಆಮೇಲೆ ತಿದ್ದಿಕೊಳ್ಳಲು ಮುಖ ಎಲ್ಲಿಂದ ತರುವುದು. ಇವತ್ತು ಬೆಳಗ್ಗೆ ಸ್ವಾಗತದ ಮೇಜಿನಲ್ಲಿ ಕೂತಿದ್ದರೆ ಮೆಟ್ಟಿಲ ಕಡೆಯಿಂದ ಟಕ್, ಉಸ್ಸ್, ಟಕ್ — ಲಿಫ್ಟು ಕೆಟ್ಟು ವರ್ಷವಾಯಿತು, ಅದರೊಳಗೆ ಹಳೇ ಫೈಲಿನ ಮೂಟೆ — ಬಗ್ಗಿ ನೋಡಿದರೆ ಅಕ್ಕ, ಮೆಟ್ಟಿಲ ಮೇಲೆ ಕೂತು, ಹಿಂದಕ್ಕೆ ಅಂಗೈ ಊರಿ, ಮೈಯನ್ನು ಒಂದೊಂದೇ ಮೆಟ್ಟಿಲು ಮೇಲಕ್ಕೆಳೆದುಕೊಳ್ಳುತ್ತ, ಮೂರು ಮಹಡಿ, ಅರವತ್ತಾರು ಮೆಟ್ಟಿಲು, ಇಸ್ತ್ರಿ ಮಾಡಿದ ಬಟ್ಟೆಯೆಲ್ಲ ಧೂಳು, ಪಾಪ ಯಾರ್ರೀ ಅದು, ನಿಮಗೆ ಗೊತ್ತಾ, ಲೆಕ್ಕದಾಕೆ ಬೆನ್ನ ಹಿಂದೆಯೇ ನಿಂತಿದ್ದಾಳೆ, ಇಲ್ಲಪ್ಪ, ನಾನೆಲ್ಲಿ ನೋಡಿದೀನಿ. ಕೇಳಿಸಿತು, ಅಕ್ಕನಿಗೆ ಕೇಳಿಸಿತು, ಒಂದು ಕ್ಷಣ ಹಿಂದಿರುಗಿ ನೋಡಿದಳು, ನಾಚಿಕೆ ಆಗಲ್ವೇನೇ ಎಂದು ಎಲ್ಲರೆದುರು ಬೈದಿದ್ದರೆ ಇವಳು ಬದುಕಿಕೊಳ್ಳುತ್ತಿದ್ದಳು, ಆದರೆ ಅಕ್ಕ ಊರುಗೋಲನ್ನು ಕಂಕುಳಿಗೆ ಸೇರಿಸಿ ಎದ್ದು ನಿಂತು ಅಂದದ್ದು — ಮೇಡಂ, ಇಂಟರ್‌ವ್ಯೂ ಯಾವ ರೂಮಲ್ಲಿ, ಸ್ವಲ್ಪ ಹೇಳ್ತೀರಾ. ಹೇಳ್ತೀರಾ. ಹುಟ್ಟಿದಾಗಿನಿಂದ ಲೇ ಕೋತಿ ಎಂದು ಕರೆದ ಬಾಯಿ, ಬಹುವಚನ ಹಚ್ಚಿ ತಂಗಿಯ ಮಾನ ಉಳಿಸಿತು. ಇವಳು ಬೆರಳು ತೋರಿಸಿದಳು, ಅಷ್ಟೇ. ಐದೇ ನಿಮಿಷ, ಮ್ಯಾನೇಜರು ಬಾಗಿಲವರೆಗೂ ಬಂದು, ಕೆಲಸ ಚೆನ್ನಾಗಿ ಬರುತ್ತಮ್ಮ ನಿಮಗೆ, ಆದ್ರೆ ದಿನಾ ಈ ಮೆಟ್ಟಿಲು ನಿಮ್ಮ ಕೈಲಿ ಆಗಲ್ಲ — ಈಗಷ್ಟೇ ಹತ್ತಿ ಬಂದವಳಿಗೆ. ಕೆಳಗಡೆ ಪಾರ್ಸಲ್ ಕೌಂಟರಿನ ಹಿಂದೆ ಒಂದು ಮೇಜು ಖಾಲಿ ಇದೆ ಸರ್, ಕಂಪ್ಯೂಟರೂ ಇದೆ, ಬಿಲ್ಲಿಂಗ್ ಅಲ್ಲೇ ಮಾಡಬಹುದು ಸರ್, ಇಷ್ಟೂ ನಾಲಿಗೆಯ ತುದಿಯಲ್ಲಿತ್ತು, ನಿಮಗ್ಯಾಕ್ರೀ ಅವರ ಮೇಲೆ ಅಷ್ಟು ಕಾಳಜಿ ಎಂದಾರು, ರಿಂಗಾಗದ ಫೋನನ್ನು ಎತ್ತಿಕೊಂಡಳು.

ಬಾಗಿಲು ತೆರೆದೇ ಇದೆ, ಬಂದ್ಯೇನೇ ಕೋತಿ, ಟೀ ಇಟ್ಟಿದೀನಿ, ಅದೇ ದನಿ, ಒಂದು ಕೂದಲೆಳೆ ಹೆಚ್ಚುಕಡಿಮೆಯಿಲ್ಲ, ಅಕ್ಕ, ಇವತ್ತು ನಾನು, ಅಕ್ಕಾ — ಬಿಡೇ, ಪೇಪರಲ್ಲಿ ಮತ್ತೆ ಹಾಕಿದ್ರು, ಹೇಳದೆ ಬಂದಿದ್ದು ನಂದೇ ತಪ್ಪು, ನಿಂಗೆ ಮುಜುಗರ ಆಯ್ತೇನೋ, ಬೇಜಾರು ಮಾಡ್ಕೋಬೇಡ — ಕ್ಷಮೆ ಅಕ್ಕನೇ ಕೇಳುತ್ತಿದ್ದಾಳೆ, ನಾಳೆ ಹೇಳುತ್ತೇನೆ, ಮ್ಯಾನೇಜರ ಮುಂದೆ ನಿಂತು ಇವಳು ನಮ್ಮಕ್ಕ ಎಂದು, ಹೇಳುತ್ತೇನೆಯೇ, ಇವತ್ತು ಹೇಳದವಳು, ಲೋಟ ಚಾಚಿದ ಅಕ್ಕನ ಅಂಗೈ, ಬುಡದಲ್ಲಿ ತರಚಿ ಕೆಂಪಾದ ಅಂಗೈ, ಎಷ್ಟು ತೊಳೆದರೂ ಬಿಡದೆ ಗೆರೆಗೆರೆಗೂ ಇಳಿದ ಮೆಟ್ಟಿಲ ಕಪ್ಪು, ತಗೊಳ್ಳೇ ಆರಿಹೋಗುತ್ತೆ, ಆ ಅಂಗೈ, ಹಿಂದಕ್ಕೆ ಊರಿದ ಅಂಗೈ, ತಗೊಳ್ಳೇ, ಆ ಅಂಗೈ —