ಉಪ್ಪು ಹೆಚ್ಚಾದ ಬೇಳೆ

ಗಂಡನ ಶವ ಹೊತ್ತ ಜನಾಜಾ ಗಾಜಿಪುರದ ಓಣಿಯ ತಿರುವು ದಾಟಿ ಕಣ್ಮರೆಯಾದರೂ ಫರ್ಹೀನ್ ಕಿಟಕಿಯ ಸರಳು ಬಿಡಲಿಲ್ಲ.

"ಬರ್ರಿ ಭಾಬಿ, ಕೂಡ್ರಿ," ಎಂದು ನಾದಿನಿ ಅಲ್ಫಿಯಾ ಭುಜ ಹಿಡಿದಳು. "ಅಣ್ಣ ಇದ್ದಾಗೂ ಹಿಂಗೇ ನಿಂತು ದಾರಿ ನೋಡ್ತಿದ್ರಿ."

"ಬರ್ತಿದ್ರು ಖರೆ. ಬಂದಂಗ ಇರ್ತಿರಲಿಲ್ಲ."

* * *

ನಿಜಾಮರ ಆಳ್ವಿಕೆ ಮುಗಿದ ವರ್ಷದ ಕೊಲೆಗಳನ್ನು ಕಂಡು ಬದುಕುಳಿದವರನ್ನು ಹುಡುಕಿ, ಅವರ ಮಾತು ದಾಖಲಿಸುವುದು ಫರ್ಹೀನಳ ಗಂಡ ತನ್ವೀರನ ಕೆಲಸವಾಗಿತ್ತು. ಕಮಲಾಪುರದ ಕಡೆಯಿಂದ ಮರಳಿದ ದಿನ ಕೈ ತೊಳೆದೇ ತೊಳೆಯುತ್ತಿದ್ದ. ತಾಟಿನ ಮುಂದೆ ಕೂತು ಗೋಡೆ ನೋಡುತ್ತಿದ್ದ.

"ಏನಂದ್ರು ಇವತ್ತು?"

"ಬ್ಯಾಡ ಬಿಡು. ನಿನ್ನ ಕಿವಿಗ್ಯಾಕ ಅದು."

ಫರ್ಹೀನ್‌ಗೆ ಆ ಕತೆಗಳು ಬೇಕಿರಲಿಲ್ಲ. ಗಂಡ ಬೈದರೂ ಸರಿ, ಒಂದು ಮಾತು ತನಗೆಂದು ಬರಬೇಕಿತ್ತು. ಒಮ್ಮೆ ಬೇಕೆಂದೇ ಬೇಳೆಗೆ ಹಿಡಿ ಉಪ್ಪು ಸುರಿದಳು. ತನ್ವೀರ ಅದನ್ನೂ ಸುಮ್ಮನೆ ಉಂಡು ಎದ್ದ. ಅಂದು ಅವಳು ಒಲೆಯ ಮುಂದೆ ಕೂತು ಅತ್ತಿದ್ದಳು.

ಮೊನ್ನೆಯವರೆಗೂ ಹಾಗೆಯೇ ನಡೆಯಿತು. ನಿನ್ನೆ ಅವನ ಎದೆಬಡಿತ ನಿಂತಿತು.

* * *

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿರಲಿಲ್ಲ. ನೆರೆಯವರು ತಂದಿಟ್ಟ ಊಟವನ್ನು ಫರ್ಹೀನ್ ಮುಟ್ಟಿರಲಿಲ್ಲ. ಅಷ್ಟರಲ್ಲಿ ಒಬ್ಬ ಹಣ್ಣು ಮುದುಕಿ ಮೊಮ್ಮಗಳ ಕೈ ಹಿಡಿದು ಒಳಗೆ ಬಂದಳು. ಸೆರಗಿನಲ್ಲಿ ರೊಟ್ಟಿಯ ಗಂಟು.

"ನಾ ಕಮಲಾಪುರದ ಜುಬೇದಾ, ಬೇಟಿ. ಬಸ್ ತಡಾ ಆತು, ಮುಖಾ ಸಿಗಲಿಲ್ಲ. ನಿನ್ನ ಗಂಡ ನಮ್ಮನ್ಯಾಗ ಎರಡು ರೊಟ್ಟಿ ತಿಂದೇ ಏಳ್ತಿದ್ದ. ಭಾಳ ನಗ್ತಿದ್ದ."

"ನಗ್ತಿದ್ರಾ?" ಫರ್ಹೀನಳ ದನಿ ಗಡುಸಾಯಿತು. "ಇಲ್ಲಿ ಒಂದು ದಿನ ನಗಲಿಲ್ಲರಿ."

"ನಾನೇ ಕರಾರು ಹಾಕಿದ್ದೆ. ನಮ್ಮಪ್ಪನ್ನ ಕೊಂದಿದ್ದು ನಾ ಹೇಳ್ಬೇಕಂದ್ರ, ಆಮ್ಯಾಲ ನೀ ಒಂದು ಸುಖದ ಮಾತು ಹೇಳ್ಬೇಕು, ಇಲ್ಲಾಂದ್ರ ರಾತ್ರಿ ನನಗ ನಿದ್ದಿ ಹತ್ತಂಗಿಲ್ಲ ಅಂದೆ. ಪಾಪ, ಹೇಳ್ತಿದ್ದ. ಎಲ್ಲಾ ನಿಂದೇ ಮಾತು."

"ನಂದಾ?"

"ಒಮ್ಮೆ ಬ್ಯಾಳ್ಯಾಗ ಉಪ್ಪು ಸುರದಿದ್ದಿಯಂತಲ್ಲ. 'ನಾ ಬೈಲಿ ಅಂತ ಬೇಕಂತ ಹಾಕ್ಯಾಳ, ಅಮ್ಮಾ. ಬಾಯಿ ತೆರದ್ರ ನೀವು ಹೇಳಿದ್ದೆಲ್ಲಾ ಹೊರಗ ಬರ್ತದಂತ ಹೆದರಿ ಪೂರಾ ಉಂಡೆ' ಅಂದ. ನಗ್ತಾ ನಗ್ತಾ ಕಣ್ಣು ಒರಸ್ಕೊಂಡ."

ಅಲ್ಫಿಯಾ ದುಪಟ್ಟಾ ಬಾಯಿಗೆ ಒತ್ತಿಕೊಂಡಳು.

ಮಣ್ಣು ಕೊಟ್ಟು ಬಂದ ಗಂಡಸರು ಅಂಗಳದಲ್ಲಿ ಕೈಕಾಲು ತೊಳೆಯುವ ಸದ್ದು ಕೇಳುತ್ತಿತ್ತು. ಫರ್ಹೀನ್ ಚಾಪೆಯನ್ನು ಮುದುಕಿಯ ಹತ್ತಿರಕ್ಕೆ ಎಳೆದು, ಮೊಣಕಾಲು ಮಡಚಿ ಕೂತಳು. ಗಂಟು ಬಿಚ್ಚಿ ರೊಟ್ಟಿಯ ಒಂದು ಚೂರು ಮುರಿದು ಬಾಯಿಗಿಟ್ಟಳು.

"ಹಾಂ," ಎಂದಳು, ಅಗಿಯುತ್ತ. "ಇನ್ನೊಂದು ಹೇಳ್ರಿ."