ಅಕ್ಕನ ಮೇಲೆ ಹೊರಿಸಿದ ತಪ್ಪು

ಡಯಾಲಿಸಿಸ್ ಯಂತ್ರ ನಡುವೆಯೇ ನಿಂತುಹೋದಾಗ ಅಕ್ಕ ಪಂಪಿನ ಹಿಡಿಕೆಯನ್ನು ಕೈಯಿಂದಲೇ ತಿರುಗಿಸಿ ರೋಗಿಯ ರಕ್ತವನ್ನು ಮೈಗೆ ಮರಳಿಸಿದ್ದಳು. ಆ ಮುದುಕ ಬದುಕಿಕೊಂಡ. ವಾರ ಕಳೆಯುವಷ್ಟರಲ್ಲಿ ಯಂತ್ರ ತಯಾರಿಸಿದ ಕಂಪನಿಯ ವರದಿ ಬಂತು: ನರ್ಸ್ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದ್ದೇ ಕಾರಣ. ಆಸ್ಪತ್ರೆ ಅವಳನ್ನು ವಾರ್ಡಿನಿಂದ ಎತ್ತಿ ಬಟ್ಟೆಯ ಉಗ್ರಾಣಕ್ಕೆ ಹಾಕಿತು.

ತಂಗಿ ಅದೇ ಕಂಪನಿಯಲ್ಲಿ ಎಂಜಿನಿಯರ್. ಯಂತ್ರದೊಳಗಿನ ಆಪರೇಟಿಂಗ್ ಸಿಸ್ಟಮ್ ನೋಡಿಕೊಳ್ಳುವುದು ಅವಳ ಕೆಲಸ. ಬೆನ್ನ ಹಿಂದೆ ಎಲ್ಲರೂ ಅವಳನ್ನು ಸಿಡಿಮದ್ದು ಅನ್ನುತ್ತಿದ್ದರು.

ಆ ದಿನದ ದಾಖಲೆಯನ್ನು ತರಿಸಿಕೊಂಡು ಓದಿದಳು. ಗುಂಡಿಯನ್ನು ಯಾರೂ ಮುಟ್ಟಿರಲೇ ಇಲ್ಲ. ಚೀಟಿ ಮುದ್ರಿಸುವ ಪುಟ್ಟ ಪ್ರೋಗ್ರಾಂ ಒಂದು ತನ್ನದಲ್ಲದ ಮೆಮೊರಿಯಲ್ಲಿ ಏನನ್ನೋ ಗೀಚಿತ್ತು. ಅದೂ ಪಂಪು ನಡೆಸುವ ಪ್ರೋಗ್ರಾಮೂ ಸಿಸ್ಟಮ್‌ನ ತಿರುಳಿನಲ್ಲೇ ಒಟ್ಟಿಗೆ ಕೂತಿದ್ದರಿಂದ, ಅದು ಕೆಟ್ಟು ಬೀಳುವಾಗ ಪಂಪನ್ನೂ ಎಳೆದುಕೊಂಡು ಬಿದ್ದಿತ್ತು.

"ಸರ್, ತಪ್ಪು ನಮ್ಮದು. ವರದಿ ತಿದ್ದಬೇಕು."

ಮ್ಯಾನೇಜರ್ ತಲೆ ಎತ್ತಲಿಲ್ಲ. "ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತಲ್ಲಮ್ಮ. ಯಾಕೆ ದೊಡ್ಡದು ಮಾಡ್ತೀರ?"

"ಆನ್ ಆಗೋಕೆ ನಾಲ್ಕು ನಿಮಿಷ ಬೇಕು. ಅಷ್ಟು ಹೊತ್ತೂ ರಕ್ತ ಪೈಪಲ್ಲಿ ನಿಂತಿರುತ್ತೆ."

"ನಿಮ್ಮಕ್ಕ ಅಂತ ಹಾರಾಡ್ತಿದ್ದೀರ, ಅಷ್ಟೇ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಹೋಗಿ ಕೆಲಸಕ್ಕೆ ಕೂತಳು. ಹೊಸ ಮಾದರಿಗೆ ಹೇಗೂ ಬೇಕಾಗುತ್ತದೆಂದು ಮ್ಯಾನೇಜರ್ ತಡೆಯಲಿಲ್ಲ. ಏಳು ತಿಂಗಳು ಹಳೆಯ ಸಿಸ್ಟಮನ್ನು ಬಿಚ್ಚಿ ಹೊಸದಾಗಿ ಕಟ್ಟಿದಳು. ತಿರುಳಿನಲ್ಲಿ ತೀರಾ ಬೇಕಾದಷ್ಟನ್ನೇ ಉಳಿಸಿ, ಮುದ್ರಣ, ಪರದೆ, ಅಲಾರಂ, ಪಂಪು ಎಲ್ಲವನ್ನೂ ಹೊರಗೆ ಹಾಕಿ ಒಂದಕ್ಕೊಂದು ತಾಗದಂತೆ ಗೋಡೆ ಎಬ್ಬಿಸಿದಳು. ಒಂದು ಕೆಟ್ಟರೆ ಅದನ್ನಷ್ಟೇ ನಿಲ್ಲಿಸಿ ಮತ್ತೆ ಶುರುಮಾಡಲು ಕಾವಲಿಗೊಂದು ಪ್ರೋಗ್ರಾಂ ಇಟ್ಟಳು.

ಪರೀಕ್ಷೆಯ ದಿನ ಯಂತ್ರದಲ್ಲಿ ರಕ್ತದ ಬದಲು ಕೆಂಪು ನೀರು ಹರಿಯುತ್ತಿತ್ತು. ಎಲ್ಲರ ಎದುರು ಮುದ್ರಣವನ್ನು ನಲವತ್ತು ಸಲ ಬೇಕೆಂದೇ ಕೆಡಿಸಿದಳು. ನಲವತ್ತು ಸಲವೂ ಅದು ತಾನಾಗಿ ಎದ್ದು ಕೂತಿತು. ಪಂಪು ಒಂದು ಸುತ್ತೂ ತಪ್ಪಲಿಲ್ಲ.

"ಭೇಷ್," ಎಂದ ಮ್ಯಾನೇಜರ್. "ಹೊಸ ಯಂತ್ರಕ್ಕೆಲ್ಲ ಇದನ್ನೇ ಹಾಕೋಣ."

"ಆಸ್ಪತ್ರೆಯಲ್ಲಿರೋ ಹಳೆಯವಕ್ಕೆ?"

"ಅವಕ್ಕೂ ಹಾಕಿದ್ರೆ, ಅವು ಕೆಟ್ಟಿದ್ವು ಅಂತ ನಾವೇ ಡಂಗುರ ಸಾರಿದ ಹಾಗಲ್ವ?"

ಹೊಸ ಸಿಸ್ಟಮ್ ಹೊರಗೆ ಹೋಗಲು ಸುರಕ್ಷತಾ ಪತ್ರಕ್ಕೆ, ಅದನ್ನು ಬಲ್ಲ ಇಬ್ಬರು ಎಂಜಿನಿಯರ್‌ಗಳಲ್ಲಿ ಒಬ್ಬರ ಸಹಿ ಬೇಕು. ಅವಳು ಪತ್ರವನ್ನು ಮೇಜಿನ ಮೇಲೆ ಅವನತ್ತ ತಳ್ಳಿದಳು. "ಹಳೆಯವಕ್ಕೂ ಹಾಕಿ, ವರದಿ ತಿದ್ದಿ. ಅಲ್ಲೀವರೆಗೆ ನಾನು ಸಹಿ ಹಾಕಲ್ಲ."

ಮೂರು ವಾರ ಅವನು ಪುಸಲಾಯಿಸಿದ, ಗದರಿಸಿದ. ಕೊನೆಗೆ ಪಕ್ಕದ ಮೇಜಿನ ಹಿರಿಯ ಎಂಜಿನಿಯರ್ ಹತ್ತಿರ ಹೋದ. ಅವರು ಯಂತ್ರ ನಿಂತ ದಿನದ ದಾಖಲೆಯನ್ನು ಪೂರ್ತಿ ಓದಿ, "ಇದಕ್ಕೆ ಸಹಿ ಹಾಕೋಕೆ ನನ್ನ ಕೈ ಬರಲ್ಲ ಸರ್" ಎಂದು ಎದ್ದುಹೋದರು. ಬೇರೆ ದಾರಿಯಿಲ್ಲದೆ ಕಂಪನಿ ಒಪ್ಪಿತು.

ವರದಿ ತಿದ್ದಿ ಕಂಪನಿ ಕಳಿಸಿದ ಪತ್ರ ಬಂದ ದಿನ ಅಕ್ಕ ಅದನ್ನು ಅಡುಗೆಮನೆಯಲ್ಲಿ ನಿಂತೇ ಓದಿದಳು.

"'ತಪ್ಪು ನಡೆದಿದೆ' ಅಂತ ಬರೆದಿದ್ದಾರೆ. ತಾನಾಗೇ ನಡೆಯಿತೇನೇ? ಮಾಡಿದ್ದು ಯಾರು?"

ಪತ್ರವನ್ನು ಮಡಚಿ ತಂಗಿಯ ಕೈಗಿಟ್ಟಳು.

"ಎಂಟು ತಿಂಗಳು ದಿಂಬಿನ ಕವರ್ ಎಣಿಸಿದೀನಿ ಕಣೇ. ಎದುರಿಗೆ ಸಿಕ್ಕೋರು ನನ್ನ ಕೈ ನೋಡೋರು, ಮುಖ ನೋಡ್ತಿರಲಿಲ್ಲ."

ಸೋಮವಾರ ಅವಳು ವಾರ್ಡಿಗೆ ಮರಳಿದಳು. ಬರಮಾಡಿಕೊಳ್ಳಲು ಬಾಗಿಲಲ್ಲಿ ನಿಂತಿದ್ದ ಮುಖ್ಯ ವೈದ್ಯರನ್ನು ದಾಟಿ, ಮಾತಾಡಿಸದೆ, ನೇರ ಮೊದಲ ಹಾಸಿಗೆಯ ಹತ್ತಿರ ಹೋದಳು.