ಶಾಣ್ಯಾ ಕೂಸು

ಶಾಕೀರನಿಗೆ ಮೂರು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಸಿಂಧನೂರಿನ ಅವರ ಓಣಿಯಲ್ಲಿ ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಅವನು ಅಳುತ್ತಿರಲಿಲ್ಲ, ಹಠ ಹಿಡಿಯುತ್ತಿರಲಿಲ್ಲ, ಕೂಡಿಸಿದಲ್ಲಿ ಕೂಡುತ್ತಿದ್ದ. ಮನೆಗೆ ಹೊಂದಿದ ಮಂಡಕ್ಕಿ ಭಟ್ಟಿಯಲ್ಲಿ ಮಂಡಾಳ ಕೊಳ್ಳಲು ಬಂದವರಿಗೆಲ್ಲ ಅಜ್ಜಿ ಜೈನಾಬೀ ಅವನನ್ನು ತೋರಿಸಿ, "ನಮ್ಮ ಶಾಕೀರ ಭಾಳ ಶಾಣ್ಯಾ ಕೂಸು ನೋಡ್ರಿ" ಅನ್ನುತ್ತಿದ್ದಳು. ಗದ್ದಲ ಮಾಡದವನೂ ಶಾಣ್ಯಾ, ಬುದ್ಧಿ ಚುರುಕಾದವನೂ ಶಾಣ್ಯಾ. ಎರಡಕ್ಕೂ ಅಲ್ಲಿ ಒಂದೇ ಮಾತು.

ಹೆಸರು ಹಿಡಿದು ಕರೆದರೆ ಹುಡುಗ ತಿರುಗುವುದಿಲ್ಲವೆಂದು ಸೊಸೆ ಅತೀಯಾ ಮಾತ್ರ ಹೇಳುತ್ತಲೇ ಇದ್ದಳು. ಅವಳಿಗೆ ಈಗ ಮತ್ತೆ ಐದು ತಿಂಗಳು. ಕೊನೆಗೆ ಅವಳ ಒತ್ತಾಯಕ್ಕೆ ಸೋತು ಜೈನಾಬೀ ತಾಯಿ ಮಗ ಇಬ್ಬರನ್ನೂ ಬಸ್ಸಿನಲ್ಲಿ ಮಸ್ಕಿ ದಾಟಿಸಿ, ಲಿಂಗಸುಗೂರಿನ ಮಕ್ಕಳ ಡಾಕ್ಟರ್ ಶಿವರಂಜನಿಯವರ ಬಳಿಗೆ ಕರೆತಂದಳು.

"ಇವರಪ್ಪ ಹಫೀಜನೂ ತಡಾ ಮಾಡೇ ಮಾತಾಡಿದ್ದ ರೀ," ಎಂದು ಕೇಳುವ ಮೊದಲೇ ಶುರು ಮಾಡಿದಳು ಜೈನಾಬೀ. "ಈಗ ನೋಡ್ರಿ, ಗಿರಾಕಿ ಕಿವಿಗೆ ತೂತು ಬೀಳಂಗ ಮಾತಾಡ್ತಾನ."

ಡಾಕ್ಟರ್ ನಕ್ಕರು. ಬಹಳ ಹೊತ್ತು ಹುಡುಗನನ್ನು ಆಡಿಸಿ ನೋಡಿದರು. ಆಮೇಲೆ ನಗಲಿಲ್ಲ.

"ಕಿವಿ ಪರೀಕ್ಷೆ ಮಾಡಸ್ರಿ. ಆದ್ರ ಬೆಳವಣಿಗಿನೂ ಹಿಂದ ಬಿದ್ದದ. ಇವಾ ಹೊಟ್ಯಾಗಿದ್ದಾಗ ಏನ್ ಕೆಲಸ ಮಾಡ್ತಿದ್ದಿ ತಂಗಿ?"

"ಭಟ್ಟಿ ಮುಂದ ಕುಂತು ಮಂಡಾಳ ಹುರೀತಿದ್ದೆ ರೀ. ಭತ್ತದ ಹೊಟ್ಟು ಹಾಕಿ ಉರಸ್ತೀವಿ. ಈಗೂ ಅದೇ."

"ನಾನೂ ಬಸುರಿದ್ದಾಗ ಅದೇ ಹೊಗಿ ಕುಡದೀನ್ರಿ," ಎಂದಳು ಜೈನಾಬೀ.

"ಎಲ್ಲಾರಿಗೂ ಆಗಂಗಿಲ್ಲವ್ವಾ. ತಾಯಿ ಉಸಿರಾಡಿದ ಹೊಗಿ ಹೊಟ್ಯಾಗಿನ ಕೂಸಿನ ಮಿದುಳಿಗೆ ತ್ರಾಸ ಕೊಡಬಹುದು. ಇವನಿಗೆ ಅದರಿಂದಾನೇ ಆತು ಅಂತ ಹೇಳಾಕ ಆಗಂಗಿಲ್ಲ. ಅಲ್ಲ ಅಂತನೂ ಹೇಳಾಕ ಆಗಂಗಿಲ್ಲ. ಈಗಿನ ಕೂಸಿನ ಸಲುವಾಗಿ ಇಕಿನ್ನ ಭಟ್ಟಿಯಿಂದ ದೂರ ಇಡ್ರಿ."

ಹೊರಗೆ ಬಂದ ಮೇಲೆ ಜೈನಾಬೀಗೆ ಬಿಸಿಲು ತಡೆಯಲಾಗಲಿಲ್ಲ. ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಳು. ಚೊಚ್ಚಲಿಗೆ ಏಳನೆಯ ತಿಂಗಳಲ್ಲಿ ತವರಿಗೆ ಕಳಿಸಬೇಕಾಗಿದ್ದ ಸೊಸೆಯನ್ನು, ಉರುಸಿನ ಸೀಜನ್ನು, ಕೈ ಸಾಲದು ಎಂದು ಒಂಬತ್ತರವರೆಗೂ ನಿಲ್ಲಿಸಿಕೊಂಡವಳು ಅವಳೇ. ಮೈ ಬಗ್ಗಿಸಿದರೆ ಹೆರಿಗೆ ಹಗುರವೆಂದು ನಂಬಿದ್ದಳು, ಕೆಟ್ಟ ಮನಸ್ಸಿನಿಂದಲ್ಲ. ಗ್ರಹಣದ ದಿನ ಸೊಸೆಯ ಮೇಲೆ ನೆರಳು ಬೀಳದಿರಲೆಂದು ಕಿಟಕಿಗೆ ಕಂಬಳಿ ಕಟ್ಟಿದ್ದಳು. ದಿನದಿನದ ಹೊಗೆಗೆ ಒಂದು ಸೆರಗನ್ನೂ ಅಡ್ಡ ಹಿಡಿದಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಸಿಂಧನೂರು ಬಸ್ಸು ನಿಂತಿತ್ತು. ಅತೀಯಾ ಅದರತ್ತ ನಡೆದಳು. ಜೈನಾಬೀ ಅವಳ ರಟ್ಟೆ ಹಿಡಿದಳು.

"ಮುದಗಲ್ ಬಸ್ ಹತ್ತು. ನಿಮ್ಮವ್ವನ ಮನಿಗೆ ಹೋಗು."

"ಎರಡನೇದು ಗಂಡನ ಮನ್ಯಾಗೇ ಆಗಬೇಕಂತ ನೀವೇ ಅಂತಿದ್ರಿ. ಮಂದಿ ಏನಂತಾರ?"

"ಅತ್ತಿ ಗಯ್ಯಾಳಿ, ಬಸುರಿನ್ನ ಹೊರಗ ಹಾಕ್ಯಾಳ ಅಂತಾರ. ಅನ್ನಲಿ ಬಿಡು."

"ಹುರಿಯೋರು ಯಾರು?"

"ನಾ ಹುರೀತೀನಿ. ಕೈಲಾಗದಿದ್ರ ನಿನ್ನ ಗಂಡ ಹುರೀತಾನ. ಬಾಯಿಗೇನು, ಭಟ್ಟಿ ಮುಂದ ಕುಂತೂ ಮಾತಾಡಬಹುದಲ್ಲ?"

ಅತೀಯಾ ನಗಲಿಲ್ಲ. ಶಾಕೀರನನ್ನು ಎತ್ತಿಕೊಂಡು ಮುದಗಲ್ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತು, ಬಸ್ಸು ಶುರುವಾದ ಮೇಲೆ ಮೆಲ್ಲಗೆ ಅಂದಳು: "ಅವಾಗೂ ಕೇಳಿದ್ದೆ, ಅಮ್ಮೀ. ಕಳಸ್ರಿ ಅಂತ. ಕಳಿಸಿದ್ರ..."

ಜೈನಾಬೀ ಹೊರಗಿನಿಂದ ಕಿಟಕಿಯ ಸರಳು ಹಿಡಿದು ನಿಂತಳು. ಅದೇ ಕಾರಣವೆಂದು ಡಾಕ್ಟರ್ ಗಟ್ಟಿಯಾಗಿ ಹೇಳಿದ್ದರೆ ಇಲ್ಲಿಯೇ ಸೊಸೆಯ ಕಾಲು ಹಿಡಿಯಬಹುದಿತ್ತು. ಅಲ್ಲವೆಂದಿದ್ದರೆ ಮನೆಗೆ ಹೋಗಿ ನಿದ್ದೆ ಮಾಡಬಹುದಿತ್ತು. ಎರಡೂ ಇಲ್ಲ.

"ಕೈ ತಗೀ ಮುದುಕಿ!" ಎಂದು ಕಂಡಕ್ಟರ್ ಕೂಗಿದ. ಅವಳು ಸರಳು ಬಿಟ್ಟಳು.